ಪೇಟೆಯ ನಡುವೆ ಸೈಕಲ್ ಪಥ: ಮೊದಲು ಕಟ್ಟಬೇಕಾದ್ದು ಅದು ಮುರಿಯುವ ಜಾಗಗಳನ್ನು

ಪೇಟೆಯಲ್ಲಿ ಸೈಕಲ್ ಪಥ ಮಾಡುವಾಗ ಬಹಳ ಕಡೆ ಆಗುವುದು ಇದು. ರಸ್ತೆ ಅಗಲವಿದ್ದಲ್ಲಿ ಹಸಿರು ಬಣ್ಣ ಬಳಿಯುತ್ತಾರೆ, ಸೈಕಲ್ಲಿನ ಚಿತ್ರ ಬರೆಯುತ್ತಾರೆ, ಸರ್ಕಲ್ ಇನ್ನು ಐವತ್ತು ಮೀಟರ್ ಇದೆ ಎನ್ನುವಾಗ ಪಟ್ಟಿ ನಿಂತುಹೋಗುತ್ತದೆ. ಬಸ್ ನಿಲ್ದಾಣದ ಹತ್ತಿರ ಮತ್ತೆ ಮಾಯವಾಗುತ್ತದೆ. ಟ್ರಾನ್ಸ್‌ಫಾರ್ಮರ್ ಎದುರಾದಲ್ಲಿ ಅರ್ಧ ಅಗಲಕ್ಕೆ ಕುಗ್ಗುತ್ತದೆ. ಸೈಕಲ್ ಸವಾರರಿಗೆ ಹೆಚ್ಚು ಅಪಾಯ ಇರುವುದೇ ಪಥ ಹೀಗೆ ಕಡಿಯುವ ಕಡೆ. ಹಾಗಾಗಿ ಯೋಜನೆಯ ನಕ್ಷೆಯನ್ನು ಸರ್ಕಲ್, ಅಡ್ಡರಸ್ತೆಯ ಬಾಯಿ ಮತ್ತು ಬಸ್ ನಿಲ್ದಾಣಗಳಿಂದ ಶುರುಮಾಡಿ. ಅವು ಬಗೆಹರಿದ ಮೇಲೆ ನಡುವಿನ ನೇರ ರಸ್ತೆಯನ್ನು ತುಂಬುವುದು ಸುಲಭದ ಕೆಲಸ.

ಇಲ್ಲಿ ಉದಾಹರಣೆಗೆ ಮೈಸೂರಿನ ಹಳೇ ಪೇಟೆಯನ್ನು ಇಟ್ಟುಕೊಂಡಿದ್ದೇವೆ: ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆ, ಸಿಟಿ ಬಸ್ ನಿಲ್ದಾಣ, ಇರ್ವಿನ್ ರಸ್ತೆ ಸುತ್ತಲಿನ ಪ್ರದೇಶ. 2017ರ ಜೂನ್‌ನಲ್ಲಿ ಈ ನಗರದಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ವ್ಯವಸ್ಥೆ 48 ನಿಲ್ದಾಣ, 450 ಸೈಕಲ್‌ಗಳೊಂದಿಗೆ ಶುರುವಾಯಿತು. ಸೈಕಲ್ ಸಿಗುವ ಜಾಗ ಇದ್ದು, ಅದರಲ್ಲಿ ಸುರಕ್ಷಿತವಾಗಿ ಹೋಗುವ ದಾರಿ ಇಲ್ಲದಿದ್ದರೆ ಪೇಟೆಯೊಳಗೆ ಧೈರ್ಯವಿದ್ದವರು ಮಾತ್ರ ತುಳಿಯುತ್ತಾರೆ. ಅಳತೆ ಮತ್ತು ಕ್ರಮಗಳು ಹಾಸನ, ಶಿವಮೊಗ್ಗ, ದಾವಣಗೆರೆಯಂಥ ಯಾವ ಊರಿನ ಪೇಟೆಗೂ ಹೊಂದುತ್ತವೆ.

ಪಥ ಯಾರಿಗೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಭಾನುವಾರ ಬೆಳಗ್ಗೆ ಗೇರ್ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತುವವರು ಹೇಗೂ ದಾರಿ ಮಾಡಿಕೊಳ್ಳುತ್ತಾರೆ. ಲೆಕ್ಕ ಹಾಕಬೇಕಾದ್ದು ಬೆನ್ನಿಗೆ ಬ್ಯಾಗು ಹೊತ್ತು ಹೋಗುವ ಎಂಟನೇ ತರಗತಿಯ ಹುಡುಗಿಗೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಮನಸ್ಸಿನಲ್ಲಿದ್ದವರು ಇಂಥ ಮಕ್ಕಳೇ. ಎರಡನೆಯವರು ಹಾಲಿನ ಕ್ಯಾನು, ಎಳನೀರು, ಹೂವಿನ ಬುಟ್ಟಿ ಕಟ್ಟಿಕೊಂಡು ಬರುವವರು. ಒಬ್ಬರಿಗೆ ಅನುಭವ ಕಡಿಮೆ, ಇನ್ನೊಬ್ಬರಿಗೆ ಭಾರ ಹೆಚ್ಚು. ಇವರಿಬ್ಬರಿಗೆ ಸರಿಹೋದ ಪಥ ಎಲ್ಲರಿಗೂ ಸರಿಹೋಗುತ್ತದೆ.

ಎಣಿಕೆ ಮತ್ತು ಅಳತೆ

ಪೇಟೆಗೆ ಬರುವ ದಾರಿಗಳಲ್ಲಿ ಏಳೆಂಟು ಜಾಗ ಆರಿಸಿ. ಪ್ರತಿ ಜಾಗದಲ್ಲಿ ಇಬ್ಬರು ನಿಂತು ಬೆಳಗ್ಗೆ 7.30ರಿಂದ 10, ಸಂಜೆ 4ರಿಂದ 7.30ರವರೆಗೆ 15 ನಿಮಿಷಕ್ಕೊಮ್ಮೆ ಸೈಕಲ್ ಎಣಿಸಲಿ. ಒಂದು ಸಾಮಾನ್ಯ ವಾರದ ದಿನ, ಒಂದು ಸಂತೆ ಅಥವಾ ಹಬ್ಬದ ಹಿಂದಿನ ದಿನ ಎಣಿಸಿದರೆ ಸಾಕು. ಮಕ್ಕಳು, ಹೆಂಗಸರು, ಭಾರ ಹೊತ್ತವರು, ಉಳಿದವರು ಎಂದು ಹಾಳೆಯಲ್ಲಿ ನಾಲ್ಕು ಕಾಲಂ ಮಾಡಿಕೊಳ್ಳಿ. ಪರೀಕ್ಷೆಯ ರಜೆಯಲ್ಲಿ ಎಣಿಸಬೇಡಿ, ಶಾಲಾ ಮಕ್ಕಳೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ಎಣಿಸುವವರು ಇನ್ನೊಂದನ್ನು ತಪ್ಪದೆ ಬರೆಯಬೇಕು: ಒನ್‌ವೇಯಲ್ಲಿ ಎದುರು ಬರುವವರು, ಫುಟ್‌ಪಾತ್ ಹತ್ತುವವರು, ಸರ್ಕಲ್ಲಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ದಾಟುವವರು. ಒನ್‌ವೇ ಮುರಿಯುವವರು ಹೆಚ್ಚಿದ್ದರೆ ಅಲ್ಲಿ ಸುತ್ತುಬಳಸು ದಾರಿ ತೀರಾ ಉದ್ದವಾಗಿದೆ ಎಂದರ್ಥ. ತಳ್ಳಿಕೊಂಡು ದಾಟುವ ಜಾಗದಲ್ಲಿ ಜನ ಹೆದರುತ್ತಿದ್ದಾರೆ. ನಿಮ್ಮ ಪಥದ ನಕ್ಷೆಯ ಅರ್ಧ ಭಾಗ ಈ ಪಟ್ಟಿಯಿಂದಲೇ ಹೊರಡುತ್ತದೆ.

ಸಂಚಾರ ಠಾಣೆಯಿಂದ ಮೂರು ವರ್ಷಗಳ ಅಪಘಾತದ ವಿವರ ಕೇಳಿ, ಸ್ಥಳ ಮತ್ತು ಗಂಟೆ ಸಮೇತ ನಕ್ಷೆಯಲ್ಲಿ ಗುರುತಿಸಿ. ಆದರೆ ಹುಡುಗನೊಬ್ಬ ಬಿದ್ದು ಮೊಣಕಾಲು ತರಚಿಕೊಂಡದ್ದಕ್ಕೆ ಎಫ್‌ಐಆರ್ ಆಗುವುದಿಲ್ಲ. ಪೇಟೆಯ ಸೈಕಲ್ ರಿಪೇರಿ ಅಂಗಡಿಯವರನ್ನು ಕೇಳಿ, ಬಾಗಿದ ರಿಮ್ಮು ಯಾವ ಸರ್ಕಲ್ಲಿನಿಂದ ಬರುತ್ತದೆ, ಯಾವ ಚರಂಡಿ ಜಾಲರಿಯಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ ಎಂದು ಬೆರಳು ಮಾಡಿ ತೋರಿಸುತ್ತಾರೆ.

ಅಳತೆಗೆ 30 ಮೀಟರಿನ ಟೇಪು, ಮೂವರು ಜನ, ಬೆಳಗಿನ ಆರು ಗಂಟೆ. ಈ ಬದಿಯ ಕಟ್ಟಡದ ಗೋಡೆಯಿಂದ ಆ ಬದಿಯ ಗೋಡೆಯವರೆಗೆ, ಪ್ರತಿ 20 ಮೀಟರಿಗೆ ಒಂದು ಅಳತೆ. ಕಡತದಲ್ಲಿ ರಸ್ತೆ 18 ಮೀಟರ್ ಎಂದಿದ್ದರೂ ಮೆಟ್ಟಿಲು, ಜಗುಲಿ, ಜನರೇಟರ್ ಕಳೆದರೆ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಕಂಬ, ಮರ, ಮ್ಯಾನ್‌ಹೋಲ್, ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ ಎಲ್ಲವನ್ನೂ ಅಂಚಿನಿಂದ ಎಷ್ಟು ದೂರ ಎಂದು ಬರೆದುಕೊಳ್ಳಿ. ಪಥದ ಅಗಲವನ್ನು ತೀರ್ಮಾನಿಸುವುದು ಅತ್ಯಂತ ಇಕ್ಕಟ್ಟಾದ ಜಾಗ, ಸರಾಸರಿಯಲ್ಲ.

ಯಾವ ರಸ್ತೆಗಳು

ಒಂದು ದೊಡ್ಡ ರಸ್ತೆಯಲ್ಲಿ ಒಂದು ಕಿಲೋಮೀಟರ್ ಪಥ ಮಾಡಿ ನಿಲ್ಲಿಸಿದರೆ ಯಾರಿಗೂ ಪ್ರಯೋಜನವಿಲ್ಲ. ಮನೆಯಿಂದ ಶಾಲೆಗೆ, ಬಸ್ ನಿಲ್ದಾಣದಿಂದ ಮಾರುಕಟ್ಟೆಗೆ ಕಡಿಯದ ದಾರಿ ಬೇಕು. ಸ್ಪೇನಿನ ಸೆವಿಲ್ಯಾ ನಗರ 2006ರ ನಂತರ ಕೆಲವೇ ವರ್ಷಗಳಲ್ಲಿ ಪಥಗಳ ಜಾಲವನ್ನು ಒಟ್ಟಿಗೆ, ಒಂದಕ್ಕೊಂದು ಕೂಡಿಸಿ ಕಟ್ಟಿತು. ಬಿಡಿ ತುಂಡುಗಳಾಗಿ ಕಟ್ಟಿದ್ದರೆ ಅಲ್ಲಿನ ಜನ ಆ ಪ್ರಮಾಣದಲ್ಲಿ ಸೈಕಲ್ ಹತ್ತುತ್ತಿರಲಿಲ್ಲ.

ಮೈಸೂರಿನಲ್ಲಿ ಮೊದಲು ಎದುರಾಗುವ ಪ್ರಶ್ನೆ ಸಯ್ಯಾಜಿರಾವ್ ರಸ್ತೆ. ಜಂಬೂಸವಾರಿ ಅರಮನೆಯಿಂದ ಹೊರಟು ಕೆ.ಆರ್. ವೃತ್ತ ದಾಟಿ ಇದೇ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ಹೋಗುತ್ತದೆ. 750 ಕಿಲೋ ತೂಗುವ ಅಂಬಾರಿ ಹೊತ್ತ ಆನೆಯ ಕಾಲಿಗೆ ಅಡ್ಡ ಬರುವ ಒಂದು ಗೂಟವೂ ಅಲ್ಲಿರಬಾರದು. ಒಂದು ದಿನದ ಮಾತಲ್ಲ ಇದು. ವಾರಗಟ್ಟಲೆ ಮೊದಲೇ ಆನೆಗಳ ತಾಲೀಮು ಇದೇ ದಾರಿಯಲ್ಲಿ ನಡೆಯುತ್ತದೆ. ಆದ್ದರಿಂದ ಇಲ್ಲಿ ಸೈಕಲ್ ಪಥವನ್ನು ರಸ್ತೆಯಿಂದ ಬೇರ್ಪಡಿಸುವ ಶಾಶ್ವತ ವಿಭಜಕ ಹಾಕಬಾರದು. ನೆಲದೊಳಗೆ ಉಕ್ಕಿನ ಕೊಳವೆ ಹೂತು, ಅದರೊಳಗೆ ಕಂಬ ಇಳಿಸಿ ಬೀಗ ಹಾಕುವ ಮಾದರಿ ಬಳಸಿ. ಕಂಬ ಎತ್ತಿದ ಮೇಲೆ ಕೊಳವೆಯ ಬಾಯಿಗೆ ನೆಲದ ಮಟ್ಟದ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ಆ ತೂತೇ ಕಾಲು ಮುರಿಯುತ್ತದೆ. ತೇರು, ಉತ್ಸವ, ಮೆರವಣಿಗೆ ಹೋಗುವ ಯಾವ ಊರಿನ ರಥಬೀದಿಗೂ ಇದೇ ಉಪಾಯ.

ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿಗಳನ್ನು (ಕಟ್ಟಡಗಳ ಹಿಂದೆ ಕಸ, ಚರಂಡಿ ಕೆಲಸಕ್ಕೆಂದು ಬಿಟ್ಟ ಓಣಿಗಳನ್ನು) ಸೈಕಲ್ ದಾರಿ ಮಾಡಿಬಿಡೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತದೆ, ಖರ್ಚೂ ಕಡಿಮೆ. ಆದರೆ ಎರಡೂ ಕಡೆ ಕುರುಡು ಗೋಡೆ, ಕಸದ ರಾಶಿ, ದೀಪವಿಲ್ಲದ ಗಲ್ಲಿಗೆ ಸಂಜೆ ಏಳರ ಮೇಲೆ ಹೆಣ್ಣುಮಕ್ಕಳು ಹೋಗುವುದಿಲ್ಲ, ಹೋಗಿ ಎಂದು ಹೇಳುವುದೂ ಸರಿಯಲ್ಲ. ಗಲ್ಲಿ ಬಳಸುವುದಾದರೆ 20–25 ಮೀಟರಿಗೊಂದು ದೀಪ, ಗಲ್ಲಿಯತ್ತ ಬಾಗಿಲು ತೆರೆಯುವ ಕೆಲವು ಅಂಗಡಿಗಳು, ಎರಡೂ ತುದಿಯಲ್ಲಿ ದೊಡ್ಡ ರಸ್ತೆ ದಾಟುವ ವ್ಯವಸ್ಥೆ ಇರಬೇಕು. ಇಲ್ಲವಾದರೆ ಅದನ್ನು ಪೂರಕ ದಾರಿ ಎಂದಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಬೆರೆಸಬಹುದೇ, ಬೇರ್ಪಡಿಸಬೇಕೇ

ವಾಹನಗಳ ವೇಗ ಗಂಟೆಗೆ 30 ಕಿ.ಮೀ. ಒಳಗಿದ್ದು, ದಟ್ಟಣೆಯ ಗಂಟೆಯಲ್ಲಿ ಎರಡೂ ದಿಕ್ಕು ಸೇರಿ 250–300 ವಾಹನಕ್ಕಿಂತ ಕಡಿಮೆ ಓಡುವ ಬೀದಿಯಲ್ಲಿ ಪ್ರತ್ಯೇಕ ಪಥ ಬೇಡ. ಹಂಪ್, ಎತ್ತರಿಸಿದ ದಾಟುಪಟ್ಟಿ, ಕಿರಿದಾದ ಬಾಯಿ ಇವುಗಳಿಂದ ವೇಗ ಕಟ್ಟಿಹಾಕಿದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಬೇರ್ಪಡಿಸಿ. 50 ಕಿ.ಮೀ. ವೇಗದ ಕಾರಿನ ಚಲನಶಕ್ತಿ 30 ಕಿ.ಮೀ. ವೇಗದಲ್ಲಿರುವುದಕ್ಕಿಂತ ಎರಡೂಮುಕ್ಕಾಲು ಪಟ್ಟು ಹೆಚ್ಚು; ಬಿಳಿ ಗೆರೆ ಅದನ್ನು ತಡೆಯುವುದಿಲ್ಲ. ಬರೀ ಬಣ್ಣದ ಪಥ ಪೇಟೆಯಲ್ಲಿ ಒಂದು ವಾರದೊಳಗೆ ಪಾರ್ಕಿಂಗ್ ಜಾಗವಾಗುತ್ತದೆ.

ಅಗಲದ ಲೆಕ್ಕ

ಸೈಕಲ್ಲಿನ ಹ್ಯಾಂಡಲ್ ಸುಮಾರು 60 ಸೆಂ.ಮೀ., ಓಲಾಟ ಸೇರಿದರೆ ಸವಾರನಿಗೆ 1 ಮೀಟರ್ ಬೇಕು. ಒಬ್ಬರನ್ನೊಬ್ಬರು ದಾಟಲು 2 ಮೀಟರ್. ಏಕಮುಖ ಪಥಕ್ಕೆ 2 ಮೀಟರ್, ದ್ವಿಮುಖಕ್ಕೆ 3 ಮೀಟರ್ ಎಂದು ಹಿಡಿದುಕೊಳ್ಳಿ. ಟ್ರಾನ್ಸ್‌ಫಾರ್ಮರ್‌ನಂಥ ಅನಿವಾರ್ಯ ಇಕ್ಕಟ್ಟಿನಲ್ಲಿ ಹತ್ತು ಮೀಟರ್ ಉದ್ದದವರೆಗೆ 1.5ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಪಕ್ಕದಲ್ಲಿ ಗೋಡೆ ಅಥವಾ ಕಂಬಿಬೇಲಿ ಇದ್ದರೆ ಅರ್ಧ ಮೀಟರ್ ನಷ್ಟವಾಯಿತೆಂದೇ ತಿಳಿಯಿರಿ, ಗೋಡೆಗೆ ಹ್ಯಾಂಡಲ್ ಉಜ್ಜಿಕೊಂಡು ಯಾರೂ ಹೋಗುವುದಿಲ್ಲ. ಸೈಕಲ್ ಪಥಗಳಿಗೆಂದೇ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ:11-2015 ಎಂಬ ಕೈಪಿಡಿ ಇದೆ. ಟೆಂಡರ್ ಕಾಗದದಲ್ಲಿ ಅದನ್ನು ಹೆಸರಿಸಿ, ಆಗ ಗುತ್ತಿಗೆದಾರ ತನಗೆ ತೋಚಿದ ಅಗಲ ಕೊಡಲಾಗುವುದಿಲ್ಲ.

ಗೋಡೆಯಿಂದ ಗೋಡೆಗೆ 18 ಮೀಟರ್ ಸಿಗುವ ದ್ವಿಮುಖ ರಸ್ತೆಯನ್ನು ಹೀಗೆ ಹಂಚಬಹುದು: ಎರಡು ಬದಿಗೆ 2.5 ಮೀಟರಿನ ಫುಟ್‌ಪಾತ್, ಎರಡು ಬದಿಗೆ 2 ಮೀಟರಿನ ಸೈಕಲ್ ಪಥ, ಎರಡು ಅರ್ಧ ಮೀಟರಿನ ವಿಭಜಕ, ನಡುವೆ ಬಸ್ ಓಡುವ 6.5 ಮೀಟರ್. ಒಟ್ಟು 16.5. ಮಿಕ್ಕ ಒಂದೂವರೆ ಮೀಟರನ್ನು ಒಂದು ಬದಿಗೆ ಕೂಡಿಸಿ ಕಂಬ, ಮರ, ತಳ್ಳುಗಾಡಿಗೆ ಕೊಡಿ. ಎರಡು ಬದಿಗೆ ಮುಕ್ಕಾಲು ಮುಕ್ಕಾಲು ಮೀಟರ್ ಹಂಚಿದರೆ ಯಾವುದಕ್ಕೂ ಆಗುವುದಿಲ್ಲ. ಈ ಲೆಕ್ಕದಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲ ಎಂಬುದನ್ನು ಮೊದಲ ಸಭೆಯಲ್ಲೇ ಬಾಯಿಬಿಟ್ಟು ಹೇಳಿ.

12 ಮೀಟರಿನ ಒನ್‌ವೇ ಬೀದಿಯಲ್ಲಿ: ಎರಡು 2 ಮೀಟರಿನ ಫುಟ್‌ಪಾತ್, ವಾಹನಗಳಿಗೆ 3.5, ವಿಭಜಕ 0.6, ದ್ವಿಮುಖ ಸೈಕಲ್ ಪಥ 3. ಒಟ್ಟು 11.1, ಉಳಿದದ್ದು ಕಂಬಗಳಿಗೆ. ಅಗ್ನಿಶಾಮಕ ಗಾಡಿ ಹೇಗೆ ಬರುತ್ತದೆ ಎಂದು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆಯೇ. ವಿಭಜಕದ ಅಂಚನ್ನು ಇಳಿಜಾರಾಗಿ, ಚಕ್ರ ಹತ್ತುವಂತೆ ಮಾಡಿ, ಸೈಕಲ್ ಪಥದ ಮೇಲೆ ತುರ್ತು ವಾಹನ ಹೋಗಲು ಬಿಡಿ. ಆದರೆ ದ್ವಿಮುಖ ಪಥಕ್ಕೆ ಒಂದು ಷರತ್ತಿದೆ: ಆ ಬದಿಯಲ್ಲಿ ಅಡ್ಡರಸ್ತೆಗಳು ಕಡಿಮೆ ಇರಬೇಕು. ಅಡ್ಡರಸ್ತೆಯಿಂದ ಹೊರಬರುವ ಚಾಲಕ ವಾಹನ ಬರುವ ದಿಕ್ಕನ್ನಷ್ಟೇ ನೋಡುತ್ತಾನೆ. ಎದುರು ದಿಕ್ಕಿನಿಂದ ಬರುವ ಸೈಕಲ್ ಅವನ ಕಣ್ಣಿಗೆ ಬೀಳುವ ಹೊತ್ತಿಗೆ ಬಾನೆಟ್ ಮುಂದಿರುತ್ತದೆ.

ಪಥದ ಪಕ್ಕದಲ್ಲೇ ಕಾರು ನಿಲ್ಲಿಸಲು ಬಿಡಬೇಕಾದರೆ ನಡುವೆ 0.75ರಿಂದ 1 ಮೀಟರ್ ಬಿಡಿ. ತಟ್ಟನೆ ತೆರೆದ ಬಾಗಿಲಿಗೆ ಬಡಿದವರು ಬೀಳುವುದು ಓಡುವ ವಾಹನದ ಕಡೆಗೆ.

ಸ್ಕೂಟರ್ ನುಗ್ಗುವುದು

ನಮ್ಮ ಊರುಗಳ ಸೈಕಲ್ ಪಥ ಸೋಲುವುದು ಮುಖ್ಯವಾಗಿ ಇಲ್ಲಿ. 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಬೊಲ್ಲಾರ್ಡ್ (ಗಿಡ್ಡ ತಡೆಗಂಬ) ನೆಟ್ಟು ಮಾಡಿದ ತಾತ್ಕಾಲಿಕ ಪಥದಲ್ಲೂ ದ್ವಿಚಕ್ರ ವಾಹನಗಳು ಓಡಿದ್ದನ್ನು ಎಲ್ಲರೂ ನೋಡಿದ್ದಾರೆ. ಲೆಕ್ಕ ಸರಳ. ಆಟೊ ಸುಮಾರು 1.3 ಮೀಟರ್ ಅಗಲ. ಬೊಲ್ಲಾರ್ಡುಗಳ ನಡುವೆ 1.2 ಮೀಟರ್ ಬಿಟ್ಟರೆ ಆಟೊ ನಿಲ್ಲುತ್ತದೆ, ಗಾಲಿಕುರ್ಚಿ ಹೋಗುತ್ತದೆ. ಸ್ಕೂಟರ್ ಹೆಚ್ಚೂಕಡಿಮೆ ಸೈಕಲ್ಲಿನಷ್ಟೇ ಅಗಲ. ಸ್ಕೂಟರ್ ತಡೆಯುವ ಸಂದು ಹಾಲಿನ ಕ್ಯಾನಿನ ಸೈಕಲ್ಲನ್ನೂ, ಗಾಲಿಕುರ್ಚಿಯನ್ನೂ ತಡೆಯುತ್ತದೆ. ತಿರುಗುಗೇಟು, ಅಂಕುಡೊಂಕು ಕಂಬಿ ಹಾಕಿದ ಕಡೆ ಮೊದಲು ಕಾಣೆಯಾಗುವವರು ಸೈಕಲ್ಲಿನವರೇ.

ಆದ್ದರಿಂದ ಸಂದು ಕಿರಿದು ಮಾಡುವ ಬದಲು ಸ್ಕೂಟರಿಗೆ ಅಲ್ಲಿ ಲಾಭ ಸಿಗದಂತೆ ಮಾಡಿ. ಪಥವನ್ನು ರಸ್ತೆಗಿಂತ 10 ಸೆಂ.ಮೀ. ಎತ್ತರಿಸಿ. ಸಿಗ್ನಲ್ಲಿನ ಕ್ಯೂ ಶುರುವಾಗುವ ಜಾಗದಲ್ಲಿ, ಅಂದರೆ ಗೆರೆಗಿಂತ 60–80 ಮೀಟರ್ ಹಿಂದೆ, ಪಥಕ್ಕೆ ಹತ್ತಲು ಬರದಂತೆ ವಿಭಜಕವನ್ನು ಸಂದಿಲ್ಲದೆ ಕಟ್ಟಿ. ಸ್ಕೂಟರ್ ನುಗ್ಗುವುದು ಹೆಚ್ಚಾಗಿ ನಿಂತ ಕ್ಯೂ ತಪ್ಪಿಸಲು, ನಡುದಾರಿಯಲ್ಲಿ ಸುಮ್ಮನೆ ನುಗ್ಗುವವರು ಕಡಿಮೆ. ಪಥದ ಬಾಯಿಯಲ್ಲಿ ಸಣ್ಣ ತಿರುವು ಕೊಡಿ, ತ್ರಿಜ್ಯ 5 ಮೀಟರಿಗಿಂತ ಕಡಿಮೆ ಬೇಡ. ಮೊದಲ ಎರಡು ತಿಂಗಳು ದಟ್ಟಣೆಯ ಹೊತ್ತಿನಲ್ಲಿ ಪೊಲೀಸರು ನಿಲ್ಲಲೇಬೇಕು. ಆಗ ಬೇರೂರಿದ ಅಭ್ಯಾಸವನ್ನು ಆಮೇಲೆ ಬದಲಿಸುವುದು ಬಹಳ ಕಷ್ಟ.

ಅಡ್ಡರಸ್ತೆ, ಸಿಗ್ನಲ್, ಸರ್ಕಲ್

ಅಡ್ಡರಸ್ತೆಯ ಬಾಯಿಯಲ್ಲಿ ಅಪಾಯ ಬರುವುದು ಎಡಕ್ಕೆ ತಿರುಗುವ ವಾಹನದಿಂದ. ಚಾಲಕನ ಗಮನ ಮುಂದೆ, ಸೈಕಲ್ ಅವನ ಎಡ ಹಿಂಬದಿಯಲ್ಲಿ. ಪರಿಹಾರ ನಾಲ್ಕು, ನಾಲ್ಕನ್ನೂ ಒಟ್ಟಿಗೆ ಮಾಡಿ.

ಮೊದಲನೆಯದು ಮೂಲೆಯ ತ್ರಿಜ್ಯ. ಹಳೇ ನಕ್ಷೆಗಳಲ್ಲಿ ಮೂಲೆ ದೊಡ್ಡದಾಗಿ ದುಂಡಗಿರುತ್ತದೆ, ಕಾರು ವೇಗ ತಗ್ಗಿಸದೆ ತಿರುಗುತ್ತದೆ. ಬಸ್ ಹೋಗದ ಅಡ್ಡರಸ್ತೆಗೆ 4 ಮೀಟರ್ ತ್ರಿಜ್ಯ ಸಾಕು. ಎರಡನೆಯದು, ಪಥ ಮತ್ತು ಫುಟ್‌ಪಾತ್ ಎರಡೂ ತಮ್ಮ ಎತ್ತರದಲ್ಲೇ ಅಡ್ಡರಸ್ತೆಯನ್ನು ದಾಟಬೇಕು. ಹತ್ತಿ ಇಳಿಯುವುದು ಕಾರಿನ ಪಾಲಿಗಿರಲಿ: 10 ಸೆಂ.ಮೀ. ಎತ್ತರಕ್ಕೆ 1 ಮೀಟರ್ ಉದ್ದದ ಇಳಿಜಾರು. ಮೂರನೆಯದು, ಜಾಗವಿದ್ದರೆ ದಾಟುವ ಜಾಗವನ್ನು ಮುಖ್ಯರಸ್ತೆಯ ಅಂಚಿನಿಂದ 5 ಮೀಟರ್ ಒಳಗೆ ಸರಿಸಿ. ತಿರುಗಿದ ಕಾರು ಅಲ್ಲಿ ನೇರವಾಗಿ ನಿಂತು ಸೈಕಲ್ ನೋಡಬಹುದು, ಹಿಂದಿನ ವಾಹನಗಳಿಗೂ ಅಡ್ಡಿಯಿಲ್ಲ. ನಾಲ್ಕನೆಯದು, ಬಾಯಿಗೆ ಮೊದಲಿನ 10 ಮೀಟರಿನಲ್ಲಿ ಪಾರ್ಕಿಂಗ್, ಜಾಹೀರಾತು ಫಲಕ, ಗೂಡಂಗಡಿ ಏನೂ ಬೇಡ. ಹಸಿರು ಬಣ್ಣ ಬಳಿಯಲು ಹಣ ಇದ್ದರೆ ಅದನ್ನೆಲ್ಲ ಈ ಬಾಯಿಗಳಿಗೇ ಬಳಸಿ. ಇಡೀ ಪಥಕ್ಕೆ ಬಳಿದರೆ ಬಾಯಿಯಲ್ಲಿ ಎಚ್ಚರಿಕೆ ಎಂಬ ಅರ್ಥ ಉಳಿಯುವುದಿಲ್ಲ.

ಸಿಗ್ನಲ್ಲಿನಲ್ಲಿ ಫ್ರೀ ಲೆಫ್ಟ್, ಅಂದರೆ ಹಸಿರಿಗೆ ಕಾಯದೆ ಎಡಕ್ಕೆ ತಿರುಗುವ ಅವಕಾಶ, ತೆಗೆಯಿರಿ. ಸಂಚಾರ ನಿಧಾನವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಕೊಂಚ ಆಗುತ್ತದೆ ಕೂಡ. ಆದರೆ ಎಡಕ್ಕೆ ಸದಾ ಹರಿಯುವ ವಾಹನಗಳ ನಡುವೆ ಹದಿಮೂರರ ಹುಡುಗಿ ನೇರ ಹೋಗಲು ಯಾವ ವಿನ್ಯಾಸವೂ ದಾರಿ ಮಾಡಿಕೊಡಲಾರದು. ವಾಹನಗಳ ಗೆರೆಯನ್ನು 5 ಮೀಟರ್ ಹಿಂದೆ ಸರಿಸಿ, ಸೈಕಲ್ಲಿಗೆ ಮುಂದೆ ನಿಲ್ಲುವ ಜಾಗ ಕೊಡಿ, 4–5 ಸೆಕೆಂಡ್ ಮೊದಲೇ ಹಸಿರು ಕೊಡಿ. ಆ ಸೆಕೆಂಡುಗಳಲ್ಲಿ ಅವರು ಚಾಲಕರ ಕಣ್ಣ ಮುಂದೆ ಬಂದುಬಿಟ್ಟಿರುತ್ತಾರೆ.

ಕೆಂಪಿಗೆ ಮೊದಲಿನ ಸಮಯವನ್ನೂ ಲೆಕ್ಕ ಹಾಕಿ. ಸಾಮಾನ್ಯ ಸವಾರ ಸೆಕೆಂಡಿಗೆ ಸುಮಾರು 4 ಮೀಟರ್ ಹೋಗುತ್ತಾನೆ. ಗೆರೆಯಿಂದ ಆಚೆ ಬದಿಗೆ 30 ಮೀಟರ್ ಇದ್ದರೆ ಏಳೂವರೆ ಸೆಕೆಂಡ್ ಬೇಕು. ಹಳದಿ 3, ಎಲ್ಲ ಕಡೆ ಕೆಂಪು 2 ಸೆಕೆಂಡ್ ಇಟ್ಟಿದ್ದರೆ, ಹಸಿರಿನ ಕೊನೆಯ ಕ್ಷಣಕ್ಕೆ ನ್ಯಾಯವಾಗಿಯೇ ಒಳಬಂದವನು ಅಡ್ಡ ಸಂಚಾರ ಹೊರಟಾಗ ಇನ್ನೂ 10 ಮೀಟರ್ ದಾಟುವುದು ಬಾಕಿಯಿದ್ದು ನಡುವೆಯೇ ಇರುತ್ತಾನೆ. ಎಲ್ಲ ಕಡೆಯ ಕೆಂಪನ್ನು ಎರಡೂವರೆ ಸೆಕೆಂಡ್ ಹೆಚ್ಚಿಸಿ, ಅಥವಾ ಮೂಲೆಗಳನ್ನು ಚಾಚಿ ದಾಟುವ ದೂರ ತಗ್ಗಿಸಿ. ಎರಡನೆಯದೇ ಮೇಲು, ನಡೆಯುವವರಿಗೂ ಉಪಯೋಗ.

ಬಲಕ್ಕೆ ತಿರುಗಲು ಸವಾರರು ವಾಹನಗಳ ಸಾಲುಗಳನ್ನು ಕತ್ತರಿಸಿ ನಡುರಸ್ತೆಗೆ ಬರುವಂತೆ ಮಾಡಬೇಡಿ. ನೇರ ದಾಟಿ, ಆಚೆ ಮೂಲೆಯಲ್ಲಿ 2 ಮೀಟರ್ ಉದ್ದ, 3 ಮೀಟರ್ ಅಗಲದ ಚೌಕದಲ್ಲಿ ನಿಂತು, ಮುಂದಿನ ಹಸಿರಿಗೆ ಹೊರಡುವ ಎರಡು ಹಂತದ ತಿರುವು ಸಾಕು. ಚೌಕ ಜೀಬ್ರಾದ ಮೇಲೂ, ನೇರ ಹೋಗುವ ಸೈಕಲ್ಲಿನ ದಾರಿಯಲ್ಲೂ ಬೀಳದಂತೆ ನೋಡಿಕೊಳ್ಳಿ.

ಕೆ.ಆರ್. ವೃತ್ತದಂಥ ದೊಡ್ಡ ಸರ್ಕಲ್ಲಿನೊಳಗೆ ಸೈಕಲ್ಲಿಗೆ ಗೆರೆ ಎಳೆಯಲೇಬಾರದು. ಹೊರ ಅಂಚಿನ ಗೆರೆಯಲ್ಲಿ ಸುತ್ತುವ ಸೈಕಲ್ಲನ್ನು ಪ್ರತಿ ಬಾಯಿಯಲ್ಲೂ ಹೊರಹೋಗುವ ವಾಹನ ಅಡ್ಡಗಟ್ಟುತ್ತದೆ. ಪಥವನ್ನು ಸರ್ಕಲ್ಲಿನ ಹೊರಗೆ ಪ್ರತ್ಯೇಕ ಬಳೆಯಾಗಿ ಸುತ್ತಿಸಿ, ಪ್ರತಿ ರಸ್ತೆಯನ್ನೂ ಜೀಬ್ರಾದ ಪಕ್ಕದಲ್ಲಿ, ಎತ್ತರಿಸಿದ ಪಟ್ಟಿಯ ಮೇಲೆ, ನಡುವೆ ನಿಲ್ಲುವ ದ್ವೀಪ ಇಟ್ಟು ದಾಟಿಸಿ. ದ್ವೀಪದ ಅಗಲ 2 ಮೀಟರಿಗಿಂತ ಕಡಿಮೆಯಾದರೆ ಸೈಕಲ್ಲಿನ ಹಿಂಚಕ್ರ ರಸ್ತೆಯಲ್ಲೇ ಉಳಿಯುತ್ತದೆ.

ಬಸ್ ನಿಲ್ದಾಣ

ಬಸ್ಸು ಎಡಕ್ಕೆ ಸರಿದಾಗಲೆಲ್ಲ ಸೈಕಲ್ ಬಲಕ್ಕೆ ಸರಿದು ಅದನ್ನು ಸುತ್ತಬೇಕು, ಹಿಂದಿನಿಂದ ಇನ್ನೊಂದು ಬಸ್ಸು ಬರುತ್ತಿರುತ್ತದೆ. ಪಥವನ್ನು ತಂಗುದಾಣದ ಹಿಂದಿನಿಂದ ಒಯ್ಯಿರಿ. ಜನ ಕಾಯುವ ದ್ವೀಪ ಕನಿಷ್ಠ 2.5 ಮೀಟರ್ ಅಗಲ, 12 ಮೀಟರಿನ ಎರಡು ಬಸ್ಸು ಒಟ್ಟಿಗೆ ಬರುವ ಕಡೆ 25 ಮೀಟರ್ ಉದ್ದ ಇರಲಿ. ದ್ವೀಪದ ಹಿಂದೆ ಪಥ 1.5 ಮೀಟರಿಗೆ ಕುಗ್ಗಿ ಫುಟ್‌ಪಾತಿನ ಮಟ್ಟಕ್ಕೆ ಏರಲಿ, ಮೇಲೆ ಎರಡು ಜೀಬ್ರಾ. ಇಲ್ಲಿ ಆದ್ಯತೆ ಪ್ರಯಾಣಿಕರದ್ದು, ಸೈಕಲ್ಲಿನವರು ನಿಧಾನಿಸಬೇಕು. ಸಿಟಿ ಬಸ್ ನಿಲ್ದಾಣದ ಹೆಬ್ಬಾಗಿಲಿನಂಥ ಕಡೆ, ಬಸ್ಸುಗಳು ನಿಮಿಷಕ್ಕೊಂದು ಒಳಹೊರಗೆ ಹೋಗುವಲ್ಲಿ, ಇದೂ ಸಾಲದು. ಅಂಥ ಬಾಯಿಯನ್ನು ತಪ್ಪಿಸಿ ಹಿಂದಿನ ಬೀದಿಯಿಂದ ಪಥ ಒಯ್ಯುವುದೇ ಸರಿ.

ನೆಲ ಮತ್ತು ನೀರು

ಪಥಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಬೇಡಿ. ವರ್ಷದೊಳಗೆ ಏರುಪೇರಾಗಿ ತೆಳ್ಳನೆ ಟೈರಿಗೆ ಗಡಗಡ ಎನ್ನುತ್ತವೆ, ಸವಾರರು ಪಕ್ಕದ ನುಣುಪು ಡಾಂಬರಿಗೇ ಮರಳುತ್ತಾರೆ. ಡಾಂಬರು ಅಥವಾ ಒರಟು ಮುಖದ ಕಾಂಕ್ರೀಟ್ ಸರಿ. ಅಡ್ಡ ಇಳಿಜಾರು 50ಕ್ಕೆ 1. ಎತ್ತರದ ಪಥದಿಂದ ರಸ್ತೆಗೆ ಇಳಿಯುವಲ್ಲಿ 10 ಸೆಂ.ಮೀ.ಗೆ 2 ಮೀಟರ್ ಉದ್ದ ಕೊಡಿ. ಮ್ಯಾನ್‌ಹೋಲ್ ಮುಚ್ಚಳ ನೆಲಕ್ಕಿಂತ 5 ಮಿ.ಮೀ.ಗಿಂತ ಹೆಚ್ಚು ಮೇಲೆ ಕೆಳಗೆ ಇರಬಾರದು. ಚರಂಡಿ ಜಾಲರಿಯ ಪಟ್ಟಿಗಳು ಸೈಕಲ್ ಹೋಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಚಕ್ರ ಒಳಗೆ ಇಳಿದು ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಕೆಲಸಗಾರರು ಜಾಲರಿ ತೆಗೆದು ಮತ್ತೆ ಹಾಕುವಾಗ ತಿರುಗಿಸಿಬಿಡುವುದುಂಟು. ಚೌಕದ ಬದಲು ಆಯತದ ಜಾಲರಿ ಕೂರಿಸಿದರೆ ತಪ್ಪಾಗಿ ಹಾಕಲು ಸಾಧ್ಯವೇ ಇಲ್ಲ.

ಉದ್ದಕ್ಕೂ ಕಟ್ಟಿದ ವಿಭಜಕ ಮಳೆಗಾಲದಲ್ಲಿ ಒಡ್ಡಾಗುತ್ತದೆ. ಜೂನ್ ಮೊದಲ ಮಳೆಗೇ ಪಥ ಕಾಲುವೆ. 2 ಮೀಟರ್ ಉದ್ದದ ತುಂಡುಗಳ ನಡುವೆ 30 ಸೆಂ.ಮೀ. ಸಂದು ಬಿಡಿ. ಸಿಗ್ನಲ್ ಹತ್ತಿರ ಸಂದಿಲ್ಲದೆ ಕಟ್ಟುವ ಭಾಗದಲ್ಲಿ ಅಡಿಯಿಂದ ಪೈಪು ಹಾಯಿಸಿ. ಬಿಸಿ ಮಾಡಿ ಬಳಿಯುವ ರಸ್ತೆ ಬಣ್ಣ ಒದ್ದೆಯಾದಾಗ ಜಾರುತ್ತದೆ, ತಿರುವಿನಲ್ಲಿ ದಪ್ಪ ಪಟ್ಟಿ ಬೇಡ, ಬಳಿಯುವಾಗ ಒರಟು ಮರಳು ಎರಚಿಸಿ. ಗುಲ್‌ಮೊಹರ್, ಹೊಂಗೆ ಮರಗಳ ಕೆಳಗೆ ಹೂವು ಉದುರುವ ತಿಂಗಳಲ್ಲಿ ದಿನವೂ ಗುಡಿಸಬೇಕು. ಮರ ಕಡಿಯುವ ಮಾತು ಬೇಡ, ಏಪ್ರಿಲ್ ಬಿಸಿಲಿನಲ್ಲಿ ಪಥ ಬಳಕೆಯಾಗುವುದೇ ಆ ನೆರಳಿನಿಂದ.

ಅಂಗಡಿ, ಪಾರ್ಕಿಂಗ್, ತಳ್ಳುಗಾಡಿ

ಅಂಗಡಿಯವರ ವಿರೋಧ ಬಂದೇ ಬರುತ್ತದೆ, ಅದಕ್ಕೆ ಅಂಕಿಅಂಶಗಳಿಂದ ಉತ್ತರ ಕೊಡಿ. ಅರ್ಧ ಗಂಟೆಗೊಮ್ಮೆ ಬೀದಿಯಲ್ಲಿ ನಡೆದು ನಿಂತ ವಾಹನಗಳ ನಂಬರಿನ ಕೊನೆಯ ನಾಲ್ಕು ಅಂಕಿ ಬರೆಯಿರಿ. ಯಾವ ವಾಹನ ಬೆಳಗಿನಿಂದ ರಾತ್ರಿವರೆಗೆ ಕದಲಿಲ್ಲ ಎಂಬುದು ಗೊತ್ತಾಗುತ್ತದೆ. ಇಡೀ ದಿನ ನಿಲ್ಲುವ ಗಾಡಿಗಳು ಎಷ್ಟು, ಕೊಳ್ಳಲು ಬಂದವರ ಗಾಡಿಗಳು ಎಷ್ಟು ಎಂದು ಅವರ ಮುಂದೆಯೇ ಬಿಡಿಸಿ ತೋರಿಸಿ. ಒಂದು ಕಾರಿನ 2.5 x 5 ಮೀಟರ್ ಜಾಗದಲ್ಲಿ ಮೀಟರಿಗೊಂದರಂತೆ ಐದು ಯು ಆಕಾರದ ಕಂಬಿ ನೆಟ್ಟರೆ ಹತ್ತು ಸೈಕಲ್ ನಿಲ್ಲುತ್ತವೆ. ಮುಂಚಕ್ರವನ್ನಷ್ಟೇ ಹಿಡಿಯುವ ಸ್ಟ್ಯಾಂಡು ಬೇಡ, ರಿಮ್ಮು ಬಾಗುತ್ತದೆ, ಫ್ರೇಮಿಗೆ ಬೀಗ ಹಾಕಲು ಬರುವುದಿಲ್ಲ.

ಸರಕು ಇಳಿಸುವುದಕ್ಕೆ ಹೊತ್ತು ಕೊಡಲೇಬೇಕು. ಬೆಳಗ್ಗೆ 6ರಿಂದ 8 ಮತ್ತು ಮಧ್ಯಾಹ್ನ 1ರಿಂದ 3, ಪ್ರತಿ ನೂರು ಮೀಟರಿಗೊಂದು 10 ಮೀಟರಿನ ಗುರುತಿಸಿದ ಜಾಗ. ಇದನ್ನು ಮರೆತರೆ ಮೊದಲ ದಿನವೇ ಟೆಂಪೊ ಪಥದ ಮೇಲೆ ನಿಲ್ಲುತ್ತದೆ, ಚಾಲಕನನ್ನು ದೂರಲು ಬರುವುದಿಲ್ಲ.

ಹೂವಿನವರು, ಎಳನೀರಿನವರು ಪಥಕ್ಕೆ ಬರುವುದು ಅವರ ಜಾಗವನ್ನು ನಕ್ಷೆಯಲ್ಲಿ ಅಳಿಸಿದಾಗ. ತಳ್ಳುಗಾಡಿಗೆ 1.2 x 1.8 ಮೀಟರ್, ಕೊಳ್ಳುವವರು ನಿಲ್ಲಲು ಮುಂದೆ ಒಂದು ಮೀಟರ್, ಮುಖ ಫುಟ್‌ಪಾತಿನ ಕಡೆಗೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿಯ ಜೊತೆ ಕೂತು ಈ ಜಾಗಗಳನ್ನು ಗುರುತಿಸಿ. ಅವರು ಕೂತಿರುವ ಬೀದಿಯಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕು, ಜನ ಇರುತ್ತದೆ. ಸೈಕಲ್ಲಿನಲ್ಲಿ ಹೋಗುವ ಹೆಂಗಸರಿಗೆ ಅದೇ ಧೈರ್ಯ.

ಆರು ವಾರದ ಪ್ರಯೋಗ

ಕಾಂಕ್ರೀಟ್ ಸುರಿಯುವ ಮೊದಲು ಬಣ್ಣ, ಬಾಗುವ ಪ್ಲಾಸ್ಟಿಕ್ ಕಂಬ, ನೀರು ತುಂಬಿದ ತಡೆಗಳಿಂದ 300–500 ಮೀಟರ್ ಮಾಡಿ ನೋಡಿ. ಆ ತುಂಡಿನಲ್ಲಿ ಒಂದು ಸಿಗ್ನಲ್, ಒಂದು ಬಸ್ ನಿಲ್ದಾಣ, ಎರಡು ಅಡ್ಡರಸ್ತೆ ಇರಲೇಬೇಕು. ಬರೀ ನೇರ ರಸ್ತೆಯ ಪ್ರಯೋಗದಿಂದ ಏನೂ ಕಲಿಯಲಾಗದು. ಕೋನ್‌ಗಳನ್ನು ಜನ ಸರಿಸುತ್ತಾರೆ, ರಾತ್ರಿ ಕಾಣೆಯಾಗುತ್ತವೆ. ಬಾಗುವ ಕಂಬಗಳಲ್ಲಿ ಮುರಿಯುವುದು ಹೆಚ್ಚಾಗಿ ಮೂಲೆಯವು. ಯಾವ ಕಂಬ ಎಷ್ಟು ಸಲ ಮುರಿಯಿತು ಎಂದು ಬರೆದಿಡಿ: ವಾಹನಗಳು ನಿಜವಾಗಿ ಎಲ್ಲಿ ತಿರುಗುತ್ತವೆ ಎಂಬ ನಕ್ಷೆ ಅದರಿಂದಲೇ ಸಿಗುತ್ತದೆ. ಮೊದಲ ವಾರದ ಗದ್ದಲ ನೋಡಿ ತೆಗೆದುಬಿಡಬೇಡಿ. ಮೂರನೇ ವಾರದ ಎಣಿಕೆಯ ನಂತರ ತೀರ್ಮಾನಕ್ಕೆ ಬನ್ನಿ.

ಕಾಗದದ ಕೆಲಸವನ್ನು ಇದೇ ಹೊತ್ತಿನಲ್ಲಿ ಮುಗಿಸಿ. ರಸ್ತೆ ಪಾಲಿಕೆಯದೋ ಲೋಕೋಪಯೋಗಿ ಇಲಾಖೆಯದೋ ಮೊದಲು ತಿಳಿದುಕೊಳ್ಳಿ, ಒಂದೇ ರಸ್ತೆಯ ಎರಡು ತುಂಡು ಇಬ್ಬರ ಕೈಯಲ್ಲಿರುವುದುಂಟು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯಲ್ಲಿ ವಿಷಯ ಮಂಡಿಸಿ. ಪಾರ್ಕಿಂಗ್ ನಿಷೇಧ ಮತ್ತು ವಾಹನ ನಿರ್ಬಂಧಕ್ಕೆ ಮೋಟಾರು ವಾಹನ ಕಾಯ್ದೆಯ 115 ಮತ್ತು 117ನೇ ಕಲಮುಗಳಡಿ ಅಧಿಸೂಚನೆ ಬೇಕು. ಅದಿಲ್ಲದೆ ಹಾಕಿದ ಫಲಕದ ಬಲದ ಮೇಲೆ ಪೊಲೀಸರು ದಂಡ ಹಾಕಿದರೆ ಆಕ್ಷೇಪದ ಮುಂದೆ ಅದು ನಿಲ್ಲುವುದಿಲ್ಲ. ವಿದ್ಯುತ್, ನೀರು, ಒಳಚರಂಡಿ, ಕೇಬಲ್ ಇವರೆಲ್ಲರ ಅಗೆತ ಮೊದಲು ಮುಗಿಯಲಿ. ನಂತರ ಅಗೆಯುವವರಿಗೆ ಕೊಡುವ ಅನುಮತಿಯಲ್ಲಿ ಒಂದು ಷರತ್ತು ಸೇರಿಸಿ: ಗುಂಡಿಯಷ್ಟನ್ನೇ ತೇಪೆ ಹಾಕಿದರೆ ಆಗದು, ಪಥದ ಪೂರ್ತಿ ಅಗಲಕ್ಕೆ ಮತ್ತೆ ಡಾಂಬರು ಹಾಕಿಕೊಡಬೇಕು.

ಆದ ಮೇಲೆ

ಅದೇ ಜಾಗಗಳಲ್ಲಿ, ಅದೇ ಹೊತ್ತಿನಲ್ಲಿ ಮೂರು ತಿಂಗಳಿಗೊಮ್ಮೆ ಎಣಿಸಿ. ಒಟ್ಟು ಸಂಖ್ಯೆಗಿಂತ ಮಕ್ಕಳ, ಹೆಂಗಸರ ಕಾಲಂಗಳನ್ನು ನೋಡಿ. ಒಟ್ಟು ಏರಿ ಈ ಎರಡು ಏರದಿದ್ದರೆ ಪಥ ಎಲ್ಲೋ ಹೆದರಿಸುತ್ತಿದೆ. ಸರ್ಕಲ್ಲಿನಲ್ಲಿ ಇಳಿದು ತಳ್ಳುವವರನ್ನು ಮತ್ತೆ ಎಣಿಸಿದರೆ ಅದು ಎಲ್ಲಿ ಎಂದು ತಿಳಿಯುತ್ತದೆ.

ಗುಡಿಸುವ ಹೊಣೆ ಯಾರದ್ದೆಂದು ವಾರ್ಡಿನ ಪೌರಕಾರ್ಮಿಕರ ಕೆಲಸದ ಪಟ್ಟಿಯಲ್ಲಿ ಬರೆಸಿ, ಹೆಚ್ಚುವರಿ ಉದ್ದಕ್ಕೆ ಹೆಚ್ಚುವರಿ ಜನ ಕೊಡಿಸಿ. ರಸ್ತೆ ಗುಡಿಸುವವರು ಧೂಳನ್ನು ಅಂಚಿಗೆ ತಳ್ಳುತ್ತಾರೆ, ಆ ಅಂಚೇ ಈಗ ಸೈಕಲ್ ಪಥ. ಒಡೆದ ಗಾಜು, ಮೊಳೆ ಸೇರುವುದೂ ಅಲ್ಲೇ.

ತಪಾಸಣೆಗೆ ಎಂಜಿನಿಯರ್ ಜೀಪಿನಲ್ಲಿ ಬರಬಾರದು. ಗೇರಿಲ್ಲದ ಸಾಮಾನ್ಯ ಸೈಕಲ್, ಕ್ಯಾರಿಯರ್ ಮೇಲೆ 10 ಕಿಲೋ ಅಕ್ಕಿ ಚೀಲ, ಎರಡು ಸುತ್ತು: ಒಂದು ಶಾಲೆ ಬಿಡುವ ಹೊತ್ತಿಗೆ, ಇನ್ನೊಂದು ಮಳೆ ಬಂದ ರಾತ್ರಿ ಎಂಟಕ್ಕೆ. ಕಾಲು ನೆಲಕ್ಕೆ ಊರಬೇಕಾದ ಪ್ರತಿ ಜಾಗವನ್ನೂ ಸೀಮೆಸುಣ್ಣದಿಂದ ಗುರುತಿಸಿ, ಮರುದಿನ ಬೆಳಗ್ಗೆ ಗುತ್ತಿಗೆದಾರನನ್ನು ಅಲ್ಲಿಗೇ ಕರೆಸಿ. ಬಿಲ್ ಪಾವತಿ ಈ ಎರಡು ಸುತ್ತಿನ ನಂತರವೇ ಆಗಲಿ.